ನೂರೆಂಟನೆಯ ಹೆಸರು

ಚಂದ್ರಮೌಳಿಗೆ ಲೆಕ್ಕ ತಪ್ಪಿದ್ದು ಕಂಡರೆ ಅನ್ನ ಇಳಿಯುತ್ತಿರಲಿಲ್ಲ. ಒಂದು ಯುಗಾದಿ ಊಟದಲ್ಲಿ, ಪಂಕ್ತಿಯ ಆಚೆ ತುದಿಯ ಎಲೆಗೆ ಉಪ್ಪು ಬಿದ್ದಿಲ್ಲ ಅಂತ ಎದ್ದು ಹೋಗಿ, ತಾನೇ ಬಡಿಸಿ, ಬಂದು ಕೂತು ಆಮೇಲೆ ತುತ್ತು ಎತ್ತಿದ ಮಹಾನುಭಾವ. ಈ ಪರದೇಶದ ಬೆಲ್ವ್ಯೂ ಪೇಟೆ ನಡುವಿನ ಗೋಪುರವೊಂದರಲ್ಲಿ ಅವನ ಕೆಲಸವೂ ಅದೇ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಾಗಿಸಿದ ಮಾಹಿತಿ ಪೂರ್ತಿ ಬಂದಿದೆಯೋ ಇಲ್ಲವೋ ನೋಡುವುದು. ಖಾಲಿ ಜಾಗ ಕಂಡರೆ ಏನಾದರೊಂದು ತುಂಬಿಸಲೇಬೇಕು, ಇಲ್ಲದಿದ್ದರೆ ಇಡೀ ಪಟ್ಟಿ ಮುಗ್ಗರಿಸುತ್ತೆ ಅನ್ನುತ್ತಿದ್ದ. ನಾನೂ ಅದೇ ಆಫೀಸು. ಶೋರ್‌ಲೈನ್‌ನಲ್ಲಿ ನಮ್ಮ ಮನೆಗಳ ನಡುವೆ ಎರಡೇ ಬೀದಿ. ಹನ್ನೊಂದು ವರ್ಷ ಒಂದೇ ಕಾರಿನಲ್ಲಿ ಹೋಗಿ ಬಂದಿದ್ದೇವೆ. ನನಗಿಂತ ಎರಡು ವರ್ಷ ಚಿಕ್ಕವನು, ಅದಕ್ಕೇ ಈ ಏಕವಚನ. ಅವನನ್ನು ಬೈದಷ್ಟು ನಾನು ನನ್ನ ಗಂಡನನ್ನೂ ಬೈದಿಲ್ಲ.

ಅವನ ಹೆಂಡತಿ ಶಾಮಲಾ ತೀರಿಕೊಂಡು ಆರು ವರ್ಷ. ಉಳಿದವಳು ಒಬ್ಬಳೇ ಮಗಳು, ಜಾಹ್ನವಿ. ಇಪ್ಪತ್ತನಾಲ್ಕು ವರ್ಷ, ಡೆನ್ನಿ ಟ್ರಯಾಂಗಲ್‌ನ ಗಾಜಿನ ಕಟ್ಟಡದಲ್ಲಿ ಕೆಲಸ, ಅಲ್ಲೇ ಹತ್ತಿರ ವಾಸ. ಕಳೆದ ಚಳಿಗಾಲದಲ್ಲಿ ಮೆಟ್ಟಿಲು ಹತ್ತುವಾಗ ಅವಳಿಗೆ ಏದುಸಿರು ಬರತೊಡಗಿತು. ಹೃದಯದ ಕವಾಟ ಸೋರುತ್ತಿದೆ, ಆಪರೇಷನ್ ಆಗಬೇಕು ಅಂದರು. ಮಾರ್ಚ್ ಕೊನೆಯ ವಾರಕ್ಕೆ ದಿನ ಗೊತ್ತಾಯಿತು. ಆವತ್ತಿನಿಂದ ಚಂದ್ರಮೌಳಿ ಕಾರಿನಲ್ಲಿ ಮಾತಾಡುವುದನ್ನೇ ಬಿಟ್ಟ.

ನಮ್ಮ ಪಕ್ಕದ ಮನೆಯ ಅಜ್ಜಿಯ ಹೆಸರು ವೀದಾ. ತೊಂಬತ್ತೊಂದು ವರ್ಷದ ಯಹೂದಿ ಹೆಂಗಸು, ನಲವತ್ತು ವರ್ಷ ಮಕ್ಕಳಿಗೆ ಹೀಬ್ರೂ ಕಲಿಸಿದವರು. ಯಾವ ಆಚಾರದ ಮಾತೆತ್ತಿದರೂ ಮೊದಲು ಪದವನ್ನು ಸುಲಿದು ತೋರಿಸುವುದು ಅವರ ಚಟ. "ಕಾದೋಶ್ ಅನ್ನೋದನ್ನ ಎಲ್ಲರೂ ಪವಿತ್ರ ಅಂತ ಅನುವಾದಿಸ್ತಾರೆ. ಮೂಲದಲ್ಲಿ ಅದು ಬೇರೆಯಾಗಿ ಎತ್ತಿಟ್ಟದ್ದು, ಅಷ್ಟೇ," ಅಂದಿದ್ದರು ಒಮ್ಮೆ ಬೇಲಿಯ ಆಚೆಯಿಂದ. ಹಾಗಾದರೆ ಅದು ನಮ್ಮ ಮಡಿ ಅಂದೆ. ಯಾರ ಕೈಗೂ ತಾಗದ ಹಾಗೆ ಗಳದ ಮೇಲೆ ಒಣಹಾಕುತ್ತಿದ್ದ ನಮ್ಮಜ್ಜಿಯ ಸೀರೆಯ ವಿಷಯ ಹೇಳಿದೆ. ಅಜ್ಜಿ ಕುಣಿದಾಡಿಬಿಟ್ಟರು. ಒಳಗೆ ಹೋಗಿ ಪುಸ್ತಕದಲ್ಲಿ ಬರೆದುಕೊಂಡರು.

ಜನವರಿಯಲ್ಲಿ ಅವರ ಪ್ರಾರ್ಥನಾಮಂದಿರದವರು ಹಳೆಯ ಪುಸ್ತಕಗಳನ್ನು ಮಣ್ಣು ಮಾಡುವುದಿತ್ತು. ದೇವರ ಹೆಸರು ಇರುವ ಪುಸ್ತಕ ಎಷ್ಟು ಹರಿದರೂ ಕಸಕ್ಕೆ ಹಾಕುವ ಹಾಗಿಲ್ಲ, ಸುಡುವ ಹಾಗಿಲ್ಲ. ವರ್ಷಗಟ್ಟಲೆ ಕೂಡಿಟ್ಟು, ಮನುಷ್ಯರನ್ನು ಹೂಳುವ ಸ್ಮಶಾನದಲ್ಲೇ ಹೂಳುತ್ತಾರೆ. ಗೆನಿಝಾ ಅನ್ನುತ್ತಾರೆ. ಅದರ ಧಾತುವಿಗೆ ಜೋಪಾನವಾಗಿ ಮುಚ್ಚಿಡುವುದು ಅಂತ ಅರ್ಥವಂತೆ. ಪೆಟ್ಟಿಗೆ ಹೊರಲು ಜನ ಬೇಕು ಅಂದರು ವೀದಾ. ನಾನು ಒಪ್ಪಿಕೊಂಡೆ, ಮನಸ್ಸು ಬೇರೆ ಕಡೆ ಹೋಗಲಿ ಅಂತ ಚಂದ್ರಮೌಳಿಯನ್ನೂ ಎಳೆದುಕೊಂಡು ಹೋದೆ. ಇವತ್ತಿಗೂ ಅದಕ್ಕೆ ಕೈಕೈ ಹಿಸುಕಿಕೊಳ್ಳುತ್ತೇನೆ.

ಜಿನುಗು ಮಳೆ. ಗುಂಡಿಯೊಳಕ್ಕೆ ಪುಸ್ತಕ ಇಳಿಸುವುದನ್ನು ಕಂಡು ಚಂದ್ರಮೌಳಿಯ ಮುಖ ಬಿಳಿಚಿಕೊಂಡಿತು. "ಕಾಲು ತಾಗಿದ್ರೇ ಕಣ್ಣಿಗೆ ಒತ್ಕೊಳ್ಳೋರು ನಾವು. ಇವರು ಮಣ್ಣು ಹಾಕ್ತಾ ಇದಾರಲ್ಲೇ!" ಅಂದ. ಅವನು ಹಿಡಿದಿದ್ದ ಪೆಟ್ಟಿಗೆಯಲ್ಲಿ ಅಂಗೈಯಗಲದ ಒಂದು ಪ್ರಾರ್ಥನೆ ಪುಸ್ತಕ ಮೇಲೆಯೇ ಇತ್ತು. ಬಟ್ಟೆಯ ರಟ್ಟು, ಕೈಹೊಲಿಗೆ. ಅವನು ಆಚೀಚೆ ನೋಡಿ ಅದನ್ನು ಜಾಕೆಟ್ಟಿನೊಳಗೆ ಸೇರಿಸಿದ. ನಾನು ನೋಡಿದೆ. ನನ್ನ ಪೆಟ್ಟಿಗೆ ಹೊತ್ತು ಮುಂದೆ ನಡೆದೆ.

ಮನೆಗೆ ತಂದು ಅರಿಶಿನ ಕುಂಕುಮ ಇಟ್ಟು, ದೇವರ ಮಂಟಪದಲ್ಲಿ ನಂಜುಂಡೇಶ್ವರನ ಪಟದ ಪಕ್ಕ ಕೂರಿಸಿದ. ಪುಸ್ತಕದ ಕೊನೆಯ ಖಾಲಿ ಹಾಳೆಗಳಲ್ಲಿ ಯಾರೋ ಕೈಯಲ್ಲಿ, ಬಿಡಿಬಿಡಿ ಅಕ್ಷರಗಳಲ್ಲಿ, ಸಾಲಿಗೊಂದರಂತೆ ಹೆಸರು ಬರೆದಿದ್ದರು. ಇವನು ಫೋನಿನಲ್ಲಿ ಮೂರು ವಾರ ಕೂತು ಅಕ್ಷರ ಕಲಿತ. ಎಣಿಸಿದ. ನೂರ ಏಳು. ದೇವರ ಹೆಸರಿರುವ ಪುಸ್ತಕ ಅಂತ ಅವರೇ ಹೇಳಿದ ಮೇಲೆ ಇದು ಅವರ ನಾಮಾವಳಿ ಅಲ್ಲದೆ ಇನ್ನೇನು ಅಂತ ತೀರ್ಮಾನ ಮಾಡಿದ. ಕೊನೆಯ ಹಾಳೆಯ ಮೂಲೆ ಹರಿದಿತ್ತು. ಅಲ್ಲಿ ಒಂದು ಹೆಸರು ಹೋಗಿದೆ, ಇಲ್ಲದಿದ್ದರೆ ಇದು ನೂರೆಂಟೇ ಅಂದ.

ನಲವತ್ತೆಂಟು ದಿನದ ಮಂಡಲ ಹಿಡಿದ. ಮುಗಿದ ಮಾರನೆಯ ದಿನ ಮಗಳ ಆಪರೇಷನ್. ದಿನಾ ಬೆಳಿಗ್ಗೆ ಏಳಕ್ಕೆ ದೀಪ ಹಚ್ಚಿ, ನೀರಿಟ್ಟು, ಒಂದೊಂದೇ ಹೆಸರು ಹೇಳಿ ನಮಃ ಅಂದು ಒಂದೊಂದು ಹೂವು ಏರಿಸುತ್ತಿದ್ದ.

"ಆ ಖಾಲಿ ಜಾಗಕ್ಕೆ ಏನ್ ಮಾಡ್ತೀಯೋ?" ಅಂತ ಕಾರಿನಲ್ಲಿ ಕೇಳಿದೆ.

"ಖಾಲಿ ಬಿಡೋಕಾಗುತ್ತಾ? ಯಾರಿಗೋಸ್ಕರ ಮಾಡ್ತಿದೀನೋ ಅವಳ ಹೆಸರೇ ಹಾಕ್ತೀನಿ. ಜಾಹ್ನವ್ಯೈ ನಮಃ."

"ಮಗಳನ್ನ ದೇವತೆ ಮಾಡ್ಬಿಟ್ಟೆ," ಅಂತ ನಕ್ಕೆ. ಅವನೂ ನಕ್ಕ. ತಿಂಗಳುಗಳ ಮೇಲೆ ಮೊದಲ ಸಲ ನಕ್ಕಿದ್ದ, ಅದಕ್ಕೇ ನನಗೆ ಖುಷಿಯಾಯಿತು.

ಎರಡನೆಯ ವಾರ ಶುರುವಾಯಿತು ನೋಡಿ. ಅವನ ಮುಂಬಾಗಿಲಿನ ಕರೆಗಂಟೆಯಲ್ಲಿ ಕ್ಯಾಮೆರಾ ಇದೆ, ಯಾರಾದರೂ ಬಂದರೆ ಫೋನಿಗೆ ಸಂದೇಶ ಬರುತ್ತೆ. ಪೂಜೆಯ ನಡುವೆ ಫೋನು ಗುರ್ ಅಂದಿತಂತೆ. ನಿಮ್ಮ ಬಾಗಿಲಲ್ಲಿ ಒಬ್ಬ ವ್ಯಕ್ತಿ ಇದ್ದಾರೆ ಅಂತ ಸಂದೇಶ. ಎದ್ದು ಹೋಗಿ ನೋಡಿದರೆ ಯಾರೂ ಇಲ್ಲ. ಮಾರನೆಯ ದಿನ ನಾಲ್ಕು ಸಲ. ಆಮೇಲೆ ಹತ್ತು, ಹದಿನೇಳು. ಮಳೆಗೆ ಕೆಟ್ಟಿದೆ, ಬದಲಾಯಿಸು ಅಂದೆ. ಬದಲಾಯಿಸಿದ. ಹೊಸದು ಮೊದಲ ದಿನವೇ ಮೂವತ್ತೊಂದು ಸಲ ಕೂಗಿತು.

ಒಂದು ದಿನ ಆಫೀಸಿನಲ್ಲಿ ಅದರ ವಿಡಿಯೋ ತೋರಿಸಿದ. ಖಾಲಿ ಜಗುಲಿ, ಒದ್ದೆ ಮೆಟ್ಟಿಲು, ಬಾಗಿಲ ಮುಂದೆ ನಾರಿನ ಕಾಲೊರಸು. ನೋಡುತ್ತಾ ಇರುವಂತೆ ಕಾಲೊರಸಿನ ನಾರು ಎರಡು ಕಡೆ ಒತ್ತಿಕೊಂಡಿತು, ಮೆಲ್ಲಗೆ ಎದ್ದಿತು. ಮತ್ತೆ ಒತ್ತಿಕೊಂಡಿತು, ಎದ್ದಿತು. ಸಾಲಾಗಿ ಬಂದವರು ಒಬ್ಬೊಬ್ಬರೇ ಕಾಲು ಒರೆಸಿಕೊಂಡು ಒಳಗೆ ಹೋಗುವ ಹಾಗೆ. ಗಾಳಿ ಅಂದೆ. "ಗಾಳಿ ಅಲ್ಲ ಕಣೇ. ಕರೀತಿದೀನಿ, ಬರ್ತಿದಾರೆ," ಅಂದ. ಅವನ ಕಣ್ಣಲ್ಲಿ ನೀರಿತ್ತು, ಸಂತೋಷದ್ದು.

ಆ ಭಾನುವಾರ ಹುಳಿ ಕೊಡಲು ಅವನ ಮನೆಗೆ ಹೋದೆ. ಬಾಗಿಲು ತೆಗೆದ ಕೂಡಲೇ ಆಗತಾನೇ ಅಗೆದ ಮಣ್ಣಿನ ವಾಸನೆ ಬಂತು. ಮುಂಬಾಗಿಲಿನಿಂದ ದೇವರ ಕೋಣೆಯವರೆಗೆ ಜಮಖಾನ ತುಳಿದು ತುಳಿದು ಚಪ್ಪಟೆಯಾಗಿತ್ತು, ಮುಟ್ಟಿದರೆ ತೇವ. ಆ ಮನೆಯಲ್ಲಿ ಓಡಾಡುವವನು ಅವನೊಬ್ಬನೇ, ಅವನು ಬರುವುದು ಹಿತ್ತಲ ಬಾಗಿಲಿನಿಂದ. ಪಾತ್ರೆ ಅವನ ಕೈಗಿಟ್ಟು ಒಳಗೆ ಕಾಲಿಡದೆ ಬಂದುಬಿಟ್ಟೆ. ಹೆದರಿದೆ, ಒಪ್ಪಿಕೊಳ್ಳುತ್ತೇನೆ.

ನಲವತ್ತನೆಯ ದಿನಕ್ಕೆ ಸಂದೇಶ ನೂರ ಆರಕ್ಕೆ ಏರಿತು. ಆಮೇಲೆ ಏರಲಿಲ್ಲ. ನಲವತ್ತೊಂದು, ನಲವತ್ತೆರಡು, ನಲವತ್ತಮೂರು, ಮೂರು ದಿನವೂ ಅಷ್ಟೇ. ಇವನಿಗೆ ತಲೆ ಚಿಟ್ಟು ಹಿಡಿಯಿತು. "ಮಗಳ ಹೆಸರು ಬಿಟ್ರೆ ನೂರ ಏಳು ಬರ್ಬೇಕು. ಒಬ್ರು ಬರ್ತಾ ಇಲ್ಲ. ಯಾವುದೋ ಒಂದು ತಪ್ಪಾಗಿ ಓದ್ತಿದೀನಿ. ನಿಮ್ಮಜ್ಜೀನ ಕೇಳೋಣ ನಡಿ," ಅಂದ. ಮನೆ ತುಂಬ ಕಾಣದವರು ಬಂದು ಕೂತಿದ್ದಾರೆ, ಇವನಿಗೆ ಬಾರದೆ ಉಳಿದ ಒಬ್ಬರ ಚಿಂತೆ!

ವೀದಾ ಅಜ್ಜಿಯೂ ಕೆಲವು ದಿನಗಳಿಂದ ಸರಿಯಿರಲಿಲ್ಲ. ಕಪಾಟು ಖಾಲಿ ಮಾಡುತ್ತಿದ್ದರು. ತಮ್ಮ ತಾಮ್ರದ ಹಂಡೆಯನ್ನು ನನಗೆ ಕೊಟ್ಟುಬಿಟ್ಟಿದ್ದರು. ವಯಸ್ಸಾಯಿತು, ಹಗುರಾಗಬೇಕು ಅನ್ನಿಸುತ್ತೇನೋ ಅಂದುಕೊಂಡಿದ್ದೆ.

ಭಾನುವಾರ ಬೆಳಿಗ್ಗೆ ಅವರ ಅಡುಗೆಮನೆಯ ಮೇಜಿನ ಮುಂದೆ ಕೂತೆವು. ಚಂದ್ರಮೌಳಿ ತಲೆ ತಗ್ಗಿಸಿ, ಕದ್ದದ್ದನ್ನು ಒಪ್ಪಿಕೊಂಡು, ಪುಸ್ತಕ ಮುಂದಿಟ್ಟ. ಪೂಜೆಯ ವಿಷಯ ಹೇಳಿದ. ಬಾಗಿಲಿಗೆ ಬರುವವರ ಲೆಕ್ಕ ಹೇಳಿದ. ಅಜ್ಜಿ ಕೊನೆಯ ಹಾಳೆಗಳನ್ನು ತೆರೆದು ನೋಡಿದರು.

"ಇದು ನನ್ನಮ್ಮನ ಕೈಬರಹ. ಅವಳು ಹೋದ ಮೇಲೆ ಅವಳ ಪುಸ್ತಕಗಳೆಲ್ಲ ಮಂದಿರಕ್ಕೆ ಹೋಗಿದ್ದವು," ಅಂದರು. "ಇವು ದೇವರ ಹೆಸರುಗಳಲ್ಲ, ಮಗು. ಸತ್ತವರವು. ಸಮುದ್ರದಾಚೆಯ ನಮ್ಮ ದ್ವೀಪದಲ್ಲಿ ಉಳಿದುಕೊಂಡ ಬಂಧುಬಳಗ. ಯುದ್ಧದ ವರ್ಷಗಳಲ್ಲಿ ಹಿಡಿದುಕೊಂಡು ಹೋದರು. ಒಬ್ಬರಿಗೂ ಗೋರಿಯಿಲ್ಲ. ಎಂಬತ್ತು ವರ್ಷದಿಂದ ಯಾರೂ ಕರೆದಿರಲಿಲ್ಲ. ನೀನು ನೀರಿಟ್ಟು, ಹೂವಿಟ್ಟು, ಹೆಸರು ಹಿಡಿದು ಕರೆದೆ. ಬರದೆ ಏನು ಮಾಡ್ತಾರೆ?"

ಚಂದ್ರಮೌಳಿ ಕುರ್ಚಿಯ ತೋಳು ಹಿಡಿದುಕೊಂಡ. ಅಜ್ಜಿಯ ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತಾ ಹೋಗಿ, ಕೊನೆಯ ಸಾಲಿನಲ್ಲಿ ನಿಂತಿತು.

"ಇದನ್ನು ಹೇಗೆ ಓದ್ತಿದ್ದೆ?"

"ವಿನುತಾ. ನಮ್ಮ ಹೆಸರಿನ ಹಾಗೇ ಇದೆ ಅಂತ ಖುಷಿಯಾಗಿತ್ತು."

ಅಜ್ಜಿ ಕಣ್ಣು ಮುಚ್ಚಿದರು. "ಬಿನುತಾ. ಅದು ನಾನು."

ಹತ್ತು ವರ್ಷದವರಿದ್ದಾಗ ಅವರಿಗೆ ಜ್ವರ ಬಂದು ಶ್ವಾಸಕೋಶಕ್ಕೆ ಇಳಿಯಿತಂತೆ. ವೈದ್ಯರು ಕೈಬಿಟ್ಟರು. ಆಗ ಅವರಮ್ಮ ಹೆಸರು ಬದಲಾಯಿಸಿದರು. ಶಿನ್ನುಯ್ ಹಶೇಮ್ ಅಂತ ಅವರಲ್ಲಿ ಹಳೆಯ ಪದ್ಧತಿ. ಶೇಮ್ ಅಂದರೆ ಹೆಸರು. ಕರೆದೊಯ್ಯಲು ಬಂದವನಿಗೆ ಆ ಹೆಸರಿನ ಮಗು ಈ ಮನೆಯಲ್ಲಿ ಸಿಗಬಾರದು. ವೀದಾ ಅಂತ ಹೊಸ ಹೆಸರಿಟ್ಟರು, ಅವರ ಮನೆಮಾತಿನಲ್ಲಿ ಅದಕ್ಕೆ ಜೀವ ಅಂತ ಅರ್ಥ. ಹಳೆಯದನ್ನು ಎಲ್ಲಿಟ್ಟೆ ಅಂತ ಕೇಳಿದರೆ ಅಮ್ಮ ಗೆನಿಝಾದ ಧಾತುವನ್ನೇ ಹಿಡಿದು, ಮುಚ್ಚಿಟ್ಟಿದ್ದೇನೆ ಅನ್ನುತ್ತಿದ್ದರಂತೆ. ಸತ್ತವರ ಪಟ್ಟಿಯಲ್ಲಿ ಸೇರಿಸಿಟ್ಟಿದ್ದರು. ಈ ಹುಡುಗಿ ಆಗಲೇ ಹೋದಳು ಅಂತ ಸಾವು ಓದಿಕೊಳ್ಳಲಿ ಅಂತ.

"ಫೆಬ್ರವರಿಯಿಂದ ದಿನಾ ಬೆಳಿಗ್ಗೆ ಏಳೂಕಾಲಕ್ಕೆ ಯಾರೋ ನನ್ನನ್ನು ಆ ಹೆಸರಿನಿಂದ ಕರೀತಾ ಇದ್ದರು," ಅಂದರು ವೀದಾ. "ಉಚ್ಚಾರ ತಪ್ಪು. ವಿನುತಾ, ವಿನುತಾ ಅಂತ. ಆ ಹೆಸರು ಗೊತ್ತಿರೋ ಒಬ್ಬರೂ ಬದುಕಿಲ್ಲ. ಕರೆದೊಯ್ಯೋರು ಕೊನೆಗೂ ಪತ್ತೆ ಹಚ್ಚಿದರು ಅಂದುಕೊಂಡೆ. ಹೊರಡೋಕೆ ತಯಾರಾಗ್ತಿದ್ದೆ."

"ಹಾಗಾದ್ರೆ ಬಾರದೆ ಉಳಿದ ಆ ಒಬ್ರು ನೀವೇ," ಅಂದ ಚಂದ್ರಮೌಳಿ. ಲೆಕ್ಕ ಹೊಂದಿದ್ದಕ್ಕೆ ಅವನ ಮುಖದಲ್ಲಿ ನೆಮ್ಮದಿ ಬಂದುಬಿಟ್ಟಿತು. ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು ನನಗೆ.

ಅಜ್ಜಿ ಅವನನ್ನೇ ನೋಡುತ್ತಿದ್ದರು. "ನನ್ನದಾದ ಮೇಲೆ ಇನ್ನೊಂದು ಹೆಸರು ಕೇಳಿಸ್ತಿತ್ತು. ನಮ್ಮ ಭಾಷೆಯದಲ್ಲ. ಅದು ಯಾರದು?"

ಅವನು ಹರಿದ ಮೂಲೆಯ ಮೇಲೆ ಕೈಯಿಟ್ಟ. ನಲವತ್ತನಾಲ್ಕು ಬೆಳಿಗ್ಗೆ ಅವನು ತನ್ನ ಮಗಳ ಹೆಸರನ್ನು ಸತ್ತವರ ಪಟ್ಟಿಯ ತುದಿಗೆ ತಾನೇ ಸೇರಿಸಿ, ಹೂವಿಟ್ಟು ಕೈಮುಗಿದಿದ್ದ. ಆಪರೇಷನ್ನಿಗೆ ಇನ್ನು ಐದು ದಿನ.

"ನಿಲ್ಲಿಸ್ಬಿಡ್ತೀನಿ. ಇವತ್ತೇ ನಿಲ್ಲಿಸ್ತೀನಿ," ಅಂತ ಅಂಗಲಾಚಿದ.

ಅಜ್ಜಿ ತಲೆಯಾಡಿಸಿದರು. ಅವರ ಧರ್ಮಗ್ರಂಥದಲ್ಲಿ ನೆನೆಯುವುದಕ್ಕೆ ಝಖರ್ ಅಂತ ಒಂದು ಧಾತು ಇದೆಯಂತೆ. ಸುಮ್ಮನೆ ಮನಸ್ಸಿನಲ್ಲಿ ಹಾದುಹೋಗುವ ನೆನಪು ಅಲ್ಲ ಅದು. ದೇವರು ಯಾರನ್ನಾದರೂ ನೆನೆದ ಅಂತ ಬಂದ ಕಡೆ ಹಿಂದೆಯೇ ಏನೋ ನಡೆದುಬಿಡುತ್ತೆ. ಪ್ರವಾಹ ಇಳಿಯುತ್ತೆ, ಬಂಜೆಗೆ ಮಗುವಾಗುತ್ತೆ. ಅರ್ಪಣೆಗೆ ಅವರು ಹೇಳುವುದು ಕೊರ್ಬಾನ್, ಆ ಪದದ ಒಳಗಿರುವುದು ಹತ್ತಿರ ಬರುವುದು. "ನೀನು ಅವರನ್ನು ನೆನೆದೆ, ಅರ್ಪಿಸಿದೆ, ಹತ್ತಿರ ತಂದೆ. ಮಗಳನ್ನೂ ಅವರ ಸಾಲಿಗೆ ತಂದು ನಿಲ್ಲಿಸಿದೆ. ನಮ್ಮಮ್ಮ ಹಳೆ ಹೆಸರನ್ನು ಸಾವಿಗೆ ಕೊಡೋ ಮೊದಲು ನನಗೊಂದು ಹೊಸದು ಕೊಟ್ಟಿದ್ದಳು. ನೀನು ಮಗಳಿಗೆ ಹೊಸದೇನೂ ಕೊಡದೆ ಅವಳಿಗಿದ್ದ ಒಂದೇ ಹೆಸರನ್ನು ಕೊಟ್ಟುಬಿಟ್ಟಿದ್ದೀಯ," ಅಂದರು.

ಏನು ಮಾಡಬೇಕು ಅಂತ ಅವರೇ ಹೇಳಿದರು. ಹುಡುಗಿಗೆ ಬೇರೆ ಹೆಸರಿಡಬೇಕು. ಹಳೆಯದನ್ನು ಪಟ್ಟಿಯ ಖಾಲಿ ಜಾಗದಲ್ಲಿ ಬರೆದು ಪುಸ್ತಕವನ್ನು ಸೇರಬೇಕಾದ ಮಣ್ಣಿಗೆ ಸೇರಿಸಬೇಕು. ಆಮೇಲೆ ಆ ಹೆಸರು ತಂದೆಯ ಬಾಯಿಂದ ಯಾವತ್ತೂ ಬರಕೂಡದು.

"ಅದು ಶಾಮಲಾ ಇಟ್ಟ ಹೆಸರು," ಅಂದ ಚಂದ್ರಮೌಳಿ ಸಣ್ಣ ಧ್ವನಿಯಲ್ಲಿ. ಬಸುರಿಯಾಗಿದ್ದಾಗಲೇ ಆರಿಸಿಟ್ಟು ಹೊಟ್ಟೆ ಸವರಿಕೊಂಡು ಕರೆಯುತ್ತಿದ್ದಳಂತೆ. ಅವಳು ಬಿಟ್ಟುಹೋದದ್ದರಲ್ಲಿ ದಿನಾ ಬಾಯಿಗೆ ಬರುವುದು ಅದೊಂದೇ ಅಂತ ಅತ್ತ. ನಾನೂ ಅತ್ತೆ. ಅಜ್ಜಿ ಅಳಲಿಲ್ಲ, ಕಾದರು.

ಕೊನೆಗೆ ಅವನು ಮೂಗು ಒರೆಸಿಕೊಂಡು, "ಜವರಮ್ಮ," ಅಂದ. ಅವನ ಮುತ್ತಜ್ಜಿಯ ಹೆಸರು. ಮೊದಲು ಹುಟ್ಟಿದ ನಾಲ್ಕು ಮಕ್ಕಳು ಹೋದ ಮೇಲೆ ಹುಟ್ಟಿದವಳು. ಜವರಾಯ ಅಂದರೆ ನಮ್ಮ ಕಡೆ ಯಮ. ಅವನ ಹೆಸರನ್ನೇ ಇಟ್ಟರೆ ತನ್ನವಳು ಅಂತ ಬಿಟ್ಟಾನು ಅನ್ನುವ ಆಸೆ. ಅವಳು ತೊಂಬತ್ತು ದಾಟಿ ಬದುಕಿದ್ದಳಂತೆ. ವೀದಾ ಆ ಹೆಸರನ್ನು ಎರಡು ಸಲ ಹೇಳಿ ನೋಡಿ, "ನಮ್ಮಮ್ಮನಿಗೆ ಇದು ಇಷ್ಟವಾಗ್ತಿತ್ತು," ಅಂದರು.

ಹರಿದ ಮೂಲೆಯ ಪಕ್ಕ, ಹೀಬ್ರೂ ಸಾಲುಗಳ ಕೆಳಗೆ, ಚಂದ್ರಮೌಳಿ ಕನ್ನಡ ಅಕ್ಷರದಲ್ಲಿ ಜಾಹ್ನವಿ ಅಂತ ಬರೆದ. ಮಾರನೆಯ ದಿನ ಸ್ಮಶಾನದಲ್ಲಿ, ಜನವರಿಯ ಗುಂಡಿಯ ಬದಿಗೆ ಚಿಕ್ಕ ಗುಂಡಿ ತೋಡಿಸಿ ಇಟ್ಟೆವು. ಮೊದಲ ಮಣ್ಣನ್ನು ವೀದಾ ಸಲಿಕೆಯ ಬೆನ್ನಿನಿಂದ ಹಾಕಿದರು. ಹೂಳುವ ಕೆಲಸಕ್ಕೆ ಆತುರ ತೋರಿಸಬಾರದು, ಅದಕ್ಕೇ ಸಲಿಕೆ ತಿರುಗಿಸುವುದು ಅಂದರು. ಪಟ್ಟಿಯ ಒಬ್ಬೊಬ್ಬರ ಹೆಸರನ್ನೂ ಅವರು ಸರಿಯಾಗಿ ಓದಿ ಬೀಳ್ಕೊಟ್ಟರು. ಎರಡು ಹೆಸರು ಮಾತ್ರ ಓದಲಿಲ್ಲ.

ಮಗಳಿಗೆ ಫೋನ್ ಮಾಡಿ ಹೇಳಿದಾಗ ಅವಳು, "ಅಪ್ಪಾ, ಆರ್ ಯೂ ಸೀರಿಯಸ್?" ಅಂದಳು. ಅವನು ಅಳುವುದು ಕೇಳಿ, "ಓಕೆ, ಓಕೆ, ವಾಟೆವರ್," ಅಂದಳು. ಆಪರೇಷನ್ ದಿನ ಆಸ್ಪತ್ರೆಯವರು ಅವಳ ಕೈಗೆ ಕಟ್ಟಿದ್ದ ಹೆಸರಿನ ಪಟ್ಟಿಯ ಮೇಲೆ ಅವನು ಬ್ಯಾಂಡೇಜಿನ ಟೇಪು ಅಂಟಿಸಿ ಹೊಸ ಹೆಸರು ಬರೆದ. ನರ್ಸ್ ಕಿತ್ತು ಹಾಕಿದಳು. ಅವನು ಮತ್ತೆ ಕಾಲಿನ ಹಿಮ್ಮಡಿಗೆ ಅಂಟಿಸಿದ. ಆರು ಗಂಟೆ ಹಿಡಿಯಿತು. ಹುಡುಗಿ ಉಳಿದಳು. ಇಂಥ ಆಪರೇಷನ್ನಿನಲ್ಲಿ ನೂರಕ್ಕೆ ತೊಂಬತ್ತೆಂಟು ಜನ ಉಳಿಯುತ್ತಾರೆ ಅಂತ ವೈದ್ಯರು ಮೊದಲೇ ಹೇಳಿದ್ದರು. ಅದನ್ನೇ ನನಗೆ ನಾನು ಹೇಳಿಕೊಳ್ಳುತ್ತಿರುತ್ತೇನೆ.

ಬಾಗಿಲಿನ ಸಂದೇಶಗಳು ನಿಂತವು. ಮಣ್ಣಿನ ವಾಸನೆ ಹೋಯಿತು. ವೀದಾ ತಮ್ಮ ಹಂಡೆಯನ್ನು ನಾಚಿಕೆಯಿಲ್ಲದೆ ವಾಪಸ್ಸು ಕೇಳಿದರು, ಕೊಟ್ಟೆ. "ಏಳೂಕಾಲಕ್ಕೆ ಎಚ್ಚರ ಆಗುತ್ತೆ. ಈಗ ಯಾರೂ ಕರೆಯೋದಿಲ್ಲ," ಅಂದರು. ಸ್ವಲ್ಪ ಬೇಸರ ಇದ್ದ ಹಾಗಿತ್ತು.

ಹುಡುಗಿ ಚೇತರಿಸಿಕೊಳ್ಳಲು ಅ‍ಪ್ಪನ ಮನೆಗೆ ಬಂದು ಇದ್ದಳು. ಅವನು ಅಂಗಡಿಯಲ್ಲಿ, ರಸ್ತೆಯಲ್ಲಿ, "ಜವರಮ್ಮಾ," ಅಂತ ಗಟ್ಟಿಯಾಗಿ ಕರೆದರೆ ಅವಳು ಮುಖ ಮುಚ್ಚಿಕೊಳ್ಳುತ್ತಿದ್ದಳು. ಆಫೀಸಿನವರು ಅವಳನ್ನು ಜಾನ್ ಅನ್ನುತ್ತಿದ್ದರು, ಅದು ಯಾವ ಕಾಲಕ್ಕೂ ಅವಳ ಹೆಸರಾಗಿರಲಿಲ್ಲ. ಮನೆಯಲ್ಲಿ ಮಾತ್ರ ಅವಳು ಪೂರ್ತಿ ಜವರಮ್ಮನಾದಳು. ಇದೆಲ್ಲ ಅಪ್ಪನ ಸಮಾಧಾನಕ್ಕೆ ಅಂತ ಅವಳು ನನ್ನ ಹತ್ತಿರ ಹೇಳಿದ್ದಳು. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ.

ಜೂನ್ ತಿಂಗಳ ಒಂದು ಶನಿವಾರ, ಒಳ್ಳೆ ಬಿಸಿಲು. ನಾನು ಅವರ ಅಡುಗೆಮನೆಯಲ್ಲಿ ಅಕ್ಕಿರೊಟ್ಟಿ ತಟ್ಟುತ್ತಿದ್ದೆ, ಚಂದ್ರಮೌಳಿ ಚಟ್ನಿ ರುಬ್ಬುತ್ತಿದ್ದ. ಮಿಕ್ಸಿ ನಿಂತಾಗ ನೋಡಿದರೆ ಹುಡುಗಿ ಹಜಾರದ ಬಾಗಿಲಲ್ಲಿ ನಿಂತಿದ್ದಾಳೆ. ಮುಖದಲ್ಲಿ ರಕ್ತವಿಲ್ಲ. ಎದೆಯ ಹೊಲಿಗೆಯ ಮೇಲೆ ಕೈ ಒತ್ತಿಕೊಂಡಿದ್ದಾಳೆ.

"ಏನಾಯ್ತಮ್ಮಾ? ನೋವಾ?" ಅಂದ.

ಇಲ್ಲ ಅಂತ ತಲೆಯಾಡಿಸಿದಳು. "ಮುಂಬಾಗಿಲಲ್ಲಿ ಕರೆದ್ರು," ಅಂದಳು, ಕನ್ನಡದಲ್ಲಿ. "ಹಳೇ ಹೆಸರಲ್ಲಿ."

ಚಂದ್ರಮೌಳಿ ಚಮಚ ಬಿಟ್ಟು ಅವಳತ್ತ ತಿರುಗಿದ. "ಓ ಅಂದ್ಯಾ? ಹೇಳು, ಓಗೊಟ್ಯಾ?"

"ಇಲ್ಲಪ್ಪಾ." ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು. "ಆ ಹೆಸರಿನವರು ಇಲ್ಲಿ ಯಾರೂ ಇಲ್ಲ, ಹೋಗಿ ಅಂದ್ಬಿಟ್ಟೆ. ಮೂರು ಸಲ ಕರೆದ್ರು. ಮೂರು ಸಲವೂ ಹಾಗೇ ಅಂದೆ. ಆಮೇಲೆ ಮೆಟ್ಟಿಲು ಇಳಿದು ಹೋದ ಸದ್ದಾಯ್ತು."

ಅವನು ಹೋಗಿ ಅವಳನ್ನು ಗಟ್ಟಿಯಾಗಿ ತಬ್ಬಿಕೊಂಡ. ಒಳ್ಳೇದು ಮಾಡಿದೆ, ಒಳ್ಳೇದು ಮಾಡಿದೆ ನನ್ನ ಜವರಮ್ಮ, ಅಂತ ತಲೆ ಸವರುತ್ತಲೇ ಇದ್ದ. ಅವಳು ಅವನ ಹೆಗಲಿನಲ್ಲಿ ಮುಖ ಹುದುಗಿಸಿ ಬಿಕ್ಕುತ್ತಿದ್ದಳು.

"ಅಮ್ಮನ ಧ್ವನಿ, ಅಪ್ಪಾ," ಅಂದಳು.